ಎರಡು ನಿಮಿಷದ ಸದ್ದು

ಫೆಬ್ರವರಿ 6

ಸೂಜಿಗೆ,

ನೀನು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಒಂದು ಸಾಮಾನು ಬೇಕಿತ್ತು, ಅಷ್ಟೇ.

ಹಲ್ಲುಜ್ಜುವಾಗ ರಕ್ತ ಬರುತ್ತಿತ್ತೆಂದು ಹೋದ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಕನ್ನಡಿ ಹಿಡಿದು ತೋರಿಸಿದರು. ಎಡಗಡೆ ಮೂರು ಹಲ್ಲುಗಳ ಬುಡ ಬರಿದಾಗಿದೆ, ವಸಡು ಹಿಂದಕ್ಕೆ ಸರಿದಿದೆ. ಅವರು ಹೇಳಿದ್ದನ್ನು ಚೀಟಿಯ ಮೇಲೆ ಬರೆಸಿಕೊಂಡು ಬಂದೆ. ಅದರಲ್ಲಿ ಹೀಗಿದೆ: 'ಸೀದ ಪಾತ್ರೆ ಉಜ್ಜುವ ಹಾಗೆ ಹಲ್ಲು ಉಜ್ಜಿದ್ದೀರಿ. ಒತ್ತಿದರೆ ತಿಳಿಸುವಂಥ ಎಲೆಕ್ಟ್ರಿಕ್ ಬ್ರಷ್ ತೆಗೆದುಕೊಳ್ಳಿ.'

ಇಲ್ಲಿನ ಅಂಗಡಿಯಲ್ಲಿ ವಿಚಾರಿಸಿದೆ. ಮಾರುವವನಿಗೆ ಡಬ್ಬದ ಬಣ್ಣ ಬಿಟ್ಟರೆ ಏನೂ ತಿಳಿಯದು. ಒಳಗಿನ ಮೋಟರ್ ಯಾವುದೆಂದು ಕೇಳಿದರೆ ನನ್ನ ಮುಖ ನೋಡಿದ. ನೀನು ಷೋರೂಮಿನಲ್ಲಿ ಇಂಥದ್ದನ್ನೇ ಮಾರುತ್ತೀಯಂತೆ. ಯಾವುದು ಒಳ್ಳೆಯದು, ನಿಮಿಷಕ್ಕೆ ಎಷ್ಟು ಸುತ್ತು, ಬ್ಯಾಟರಿ ಎಷ್ಟು ದಿನ ಬರುತ್ತದೆ, ಬರೆದು ತಿಳಿಸು.

ಫೋನ್ ಮಾಡಬೇಡ. ವರ್ಕ್‌ಷಾಪಿನಲ್ಲಿ ರಿಪೇರಿಗೆ ಬಂದ ಮೋಟರುಗಳ ಸದ್ದು ಜಾಸ್ತಿ. ಮೆಸೇಜೂ ಬೇಡ, ಆ ಗುಂಡಿಗಳಿಗೆ ನನ್ನ ಬೆರಳು ದಪ್ಪ.

ನಿನ್ನ ಅತ್ತಿಗೆ ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ಅಣ್ಣ


ಫೆಬ್ರವರಿ 15

ಅಣ್ಣನಿಗೆ,

ಪತ್ರ ಬಂತು. ಕೇಳಿದ್ದಕ್ಕೆ ಉತ್ತರ ಕೆಳಗಿದೆ.

ಎರಡು ಜಾತಿಯ ಬ್ರಷ್‌ಗಳಿವೆ. ಒಂದಕ್ಕೆ ಗುಂಡು ತಲೆ. ಅದು ಚೂರು ಆ ಕಡೆ, ಚೂರು ಈ ಕಡೆ ತಿರುಗುತ್ತದೆ. ಇನ್ನೊಂದಕ್ಕೆ ಉದ್ದ ತಲೆ. ಅದು ತಿರುಗುವುದಿಲ್ಲ, ನಡುಗುತ್ತದೆ, ನಿಮಿಷಕ್ಕೆ ಮೂವತ್ತು ಸಾವಿರ ಸಲ. ಎರಡೂ ಕೆಲಸ ಮಾಡುತ್ತವೆ. ಗಿರಾಕಿಗಳನ್ನು ನಾನು ಮೊದಲು ಕೇಳುವುದು ಒಂದೇ: 'ಹಳೇ ಬ್ರಷ್ ಎಷ್ಟು ದಿನಕ್ಕೆ ಕೆದರತ್ತೆ?' ಎರಡು ವಾರ ಎಂದರೆ ಅವರು ಒತ್ತುವವರು. ನೀನು ಅದೇ ಪೈಕಿ. ಅದಕ್ಕೆ ಮೆತ್ತಗಿನ ಎಳೆಗಳಿರುವ ಉದ್ದ ತಲೆಯದನ್ನು ಪಾರ್ಸೆಲ್ ಮಾಡಿದ್ದೇನೆ. ಜಾಸ್ತಿ ಒತ್ತಿದರೆ ಬ್ರಷ್ಷಿನ ಕುತ್ತಿಗೆಯ ಹತ್ತಿರ ಕೆಂಪು ದೀಪ ಹತ್ತುತ್ತದೆ.

ಬ್ರಷ್ ಬಾಯೊಳಗೆ ಹೋದ ಮೇಲೆ ಗುಂಡಿ ಒತ್ತು, ಇಲ್ಲದಿದ್ದರೆ ಪೇಸ್ಟೆಲ್ಲ ಕನ್ನಡಿಗೆ. ಉಜ್ಜಬೇಡ. ಹಲ್ಲಿಗೂ ವಸಡಿಗೂ ನಡುವೆ ತಾಗಿಸಿ ಹಿಡಿ, ನಿಧಾನವಾಗಿ ಮುಂದಿನ ಹಲ್ಲಿಗೆ ಸರಿಸು. ಅರ್ಧ ನಿಮಿಷಕ್ಕೊಮ್ಮೆ ಒಂದು ಕ್ಷಣ ನಿಂತು ಹೊರಡುತ್ತದೆ. ಆಗ ಬಾಯಿಯ ಇನ್ನೊಂದು ಮೂಲೆಗೆ ಹೋಗಬೇಕು. ಎರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ತಲೆಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು.

ಫೋನ್ ಮಾಡುವುದಿಲ್ಲ, ಹೆದರಬೇಡ. ಹೋದ ವರ್ಷ ಹನ್ನೊಂದು ಸಲ ಮಾಡಿ ಸಾಕಾಗಿದೆ. ಏಳು ಸಲ ನೀನು ಕಟ್ ಮಾಡಿದೆ. ಒಂದು ಸಲ, ನಾಲ್ಕು ದಿನದಿಂದ ಜ್ವರ ಎಂದೆ. 'ಒಳ್ಳೇದಾಯ್ತು ಬಿಡು' ಎಂದೆ ನೀನು.

ನಾನು ಮತ್ತೆ ರೂಮು ಬದಲಿಸಿದೆ, ಇದು ಮೂರನೆಯದು. ದೂರದಲ್ಲಿ ಹೊಸ ಷೋರೂಮ್ ತೆರೆಯುತ್ತಾರಂತೆ, ಅಲ್ಲಿಗೆ ಕೌಂಟರಿನ ಮುಖ್ಯಸ್ಥೆಯಾಗಿ ಹೋಗುತ್ತೀಯಾ ಎಂದು ಮ್ಯಾನೇಜರ್ ಕೇಳಿದ್ದಾರೆ. ಹೋದರೆ ಐದು ವರ್ಷ ಬಿಡುವ ಹಾಗಿಲ್ಲ. ಮೇ ಕೊನೆಯೊಳಗೆ ಹೇಳಬೇಕು. ಅತ್ತಿಗೆಗೆ ತಿಳಿಸು.

ನಿನ್ನ ತಂಗಿ


ಮಾರ್ಚ್ 1

ಸೂಜಿಗೆ,

ಬ್ರಷ್ ಬಂತು. ಬಿಚ್ಚಿದೆ.

ಡಬ್ಬ ಬಿಚ್ಚಿದೆ ಎಂದಲ್ಲ, ಬ್ರಷ್ಷನ್ನೇ ಬಿಚ್ಚಿದೆ. ಚಾರ್ಜರಿನಲ್ಲಿ ನಿಲ್ಲಿಸಿದರೆ ಎಲ್ಲೂ ಲೋಹಕ್ಕೆ ಲೋಹ ತಗುಲುವುದಿಲ್ಲ. ಆದರೂ ಚಾರ್ಜ್ ಆಗುತ್ತದೆ. ಹೇಗೆಂದು ನೋಡದೆ ಇರಲಾಗಲಿಲ್ಲ. ಚಾರ್ಜರಿನಲ್ಲಿ ತಂತಿ ಸುತ್ತಿದ ಒಂದು ಕಾಯಿಲ್, ಬ್ರಷ್ಷಿನೊಳಗೆ ಒಂದು ಕಾಯಿಲ್, ನಡುವೆ ಪ್ಲಾಸ್ಟಿಕ್ ಗೋಡೆ. ಒಳಗಿನ ಕಾಯಿಲಿನ ತಂತಿ ಕೂದಲಿಗಿಂತ ತೆಳ್ಳಗಿದೆ. ಇದನ್ನು ನಾನು ಸುತ್ತಲಾರೆ. ನೀನು ಸುತ್ತುತ್ತಿದ್ದೆ.

ಮುಚ್ಚಿ ಗಮ್ ಹಾಕಿದೆ. ಮೂರನೆಯ ದಿನ ಒಳಗೆ ನೀರು ಹೋಯಿತು. ನಾಲ್ಕನೆಯ ದಿನ ಅಲುಗಾಡಲಿಲ್ಲ. ಈ ಅಂಗೈಯಗಲದ ಸಾಮಾನಿನ ಮುಂದೆ ಮೂವತ್ತು ವರ್ಷದ ಅನುಭವ ಮಣ್ಣುಪಾಲಾಯಿತು. ನಿನ್ನ ಅತ್ತಿಗೆ ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದಾಳೆ.

ಇನ್ನೊಂದು ಕಳಿಸು.

ಇಲ್ಲಿ ನನಗೂ ಒಂದು ಕಡೆ ಕೂರಲಾಗುತ್ತಿಲ್ಲ. ಬೆಂಚನ್ನು ಬಾಗಿಲ ಕಡೆಗೆ ತಿರುಗಿಸಿದೆ, ಬಂದವರು ಕಾಣಲಿ ಎಂದು. ಬೆಳಕು ಸಾಲದೆ ಮತ್ತೆ ಮೊದಲಿನ ಹಾಗೆ ತಿರುಗಿಸಿದೆ. ನೀನು ತಂತಿ ಸುತ್ತುತ್ತಿದ್ದ ವೈಂಡಿಂಗ್ ಮೇಜು ಇದ್ದಲ್ಲೇ ಇದೆ. ಅದರ ಮೇಲೆ ಏನನ್ನೂ ಇಟ್ಟಿಲ್ಲ.

ಅಣ್ಣ


ಮಾರ್ಚ್ 9

ಅಣ್ಣನಿಗೆ,

ಬಿಚ್ಚುತ್ತೀಯೆಂದು ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಬೇಡ ಎಂದು ಬರೆಯದೆ ಇದ್ದದ್ದು ನನ್ನ ತಪ್ಪು. ಈಗ ಬರೆಯುತ್ತಿದ್ದೇನೆ: ಬಿಚ್ಚಬೇಡ. ಜೋಡಣೆಯ ಮೇಲೆ ನನ್ನ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ಅದು ಒಡೆದಿದ್ದರೆ ಮೂರನೆಯದು ಸಿಗುವುದಿಲ್ಲ.

ಮೇಜಿನ ಮೇಲೆ ಏನಾದರೂ ಇಡು. ಖಾಲಿ ಬಿಟ್ಟು ನನಗೆ ಪತ್ರದಲ್ಲಿ ತಿಳಿಸಬೇಡ.

ಇಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ಕೂತು ತಿನ್ನುತ್ತಾರೆ. ನಾನು ಬೀದಿಯ ಕೊನೆಯವರೆಗೆ ನಡೆದು ವಾಪಸು ಬರುತ್ತೇನೆ. 'ಏನಮ್ಮಾ, ದಿನಾ ಯಾರನ್ನ ಹುಡುಕ್ತೀಯಾ?' ಎಂದು ಕಾವಲಿನವರು ಕೇಳಿದರು. ಕಾಲು ಜೋಮು ಹಿಡಿಯುತ್ತದೆ ಎಂದೆ.

ನಿನ್ನ ತಂಗಿ


ಮಾರ್ಚ್ 24

ಸೂಜಿಗೆ,

ಗೆರೆ ಒಡೆದಿಲ್ಲ. ಹತ್ತು ದಿನದಿಂದ ಬಳಸುತ್ತಿದ್ದೇನೆ. ಮೊದಲ ವಾರ ಕೆಂಪು ದೀಪ ಆರಲೇ ಇಲ್ಲ, ಈಗ ಆಗೊಮ್ಮೆ ಈಗೊಮ್ಮೆ. ರಕ್ತ ಕಡಿಮೆಯಾಗಿದೆ. ಇಷ್ಟು ಮೆಲ್ಲಗೆ ಹಿಡಿದರೂ ಹಲ್ಲು ಹೊಳೆಯುತ್ತದೆಂದು ನಂಬುವುದೇ ಕಷ್ಟ.

ಒಂದು ದೂರು. ಇದರ ಸದ್ದು ವಿಪರೀತ. ಹಲ್ಲಿಗೆ ಇಟ್ಟ ಕೂಡಲೇ ತಲೆಯೆಲ್ಲ ಗುಂಯ್ಯೆನ್ನುತ್ತದೆ. ಅರ್ಧ ನಿಮಿಷಕ್ಕೆ ನಿಂತು ಹೊರಡುವುದೂ ಸ್ಪಷ್ಟವಾಗಿ ಕೇಳುತ್ತದೆ. ನನ್ನ ಲೆಕ್ಕದಲ್ಲಿ ಬೇರಿಂಗ್ ಹೋಗಿದೆ. ಗಿರಾಕಿಗಳಿಗೆ ಇಂಥದ್ದನ್ನು ಮಾರುತ್ತಿದ್ದೀರೆಂದರೆ ಮ್ಯಾನೇಜರಿಗೆ ಹೇಳು. ಬಿಚ್ಚಬೇಡ ಎಂದಿದ್ದೀಯ, ಅದಕ್ಕೆ ಸುಮ್ಮನಿದ್ದೇನೆ.

ಆದರೆ ಒಂದು ಮಾತು. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಮೂರನೆಯ ಸಲವೂ ಉಜ್ಜೋಣ ಅನ್ನಿಸುತ್ತದೆ. ಯಾಕೋ ಗೊತ್ತಿಲ್ಲ.

ಅಣ್ಣ


ಏಪ್ರಿಲ್ 1

ಅಣ್ಣನಿಗೆ,

ನಿನ್ನ ಪತ್ರ ಓದಿ ಅದೇ ಜಾತಿಯ ಬ್ರಷ್ಷನ್ನು ಕೌಂಟರಿನ ಮೇಲೆ ಚಾಲೂ ಮಾಡಿದೆ. ಪಕ್ಕದ ಕೌಂಟರಿನವಳನ್ನು ಕರೆದು ಕೇಳಿದೆ. 'ಆನ್ ಆಗಿದೆಯಾ ಇದು?' ಎಂದಳು. ಅಷ್ಟು ಮೆಲ್ಲಗಿನ ಸದ್ದು ಅದರದ್ದು.

ಅದು ನಿನಗೆ ವಿಪರೀತ ಕೇಳಿಸುತ್ತದೆ.

ಹಾಗಾದರೆ ಹಿಟ್ಟಿನ ಗಿರಣಿಯ ಮೋಟರಿನ ಬೇರಿಂಗ್ ಕಿರುಗುಟ್ಟುತ್ತಿದೆ ಎಂದು ನಾನು ಮೂರು ಸಲ ಹೇಳಿದ್ದೂ ಕೇಳಿಸಿರಬೇಕು. ಸರಿಯಾಗಿದೆ ಎಂದು ನೀನು ಕಳಿಸಿದೆ. ವಾರದಲ್ಲಿ ಸುಟ್ಟು ವಾಪಸು ಬಂತು. ಗಿರಣಿಯವರ ಮುಂದೆ, ನನ್ನ ಮುಂದೆ ನೀನು ಹೇಳಿದ್ದು: 'ಬೇರಿಂಗ್ ಚೆನ್ನಾಗೇ ಇತ್ತು. ವೈಂಡಿಂಗ್ ನನ್ನ ತಂಗೀದು, ಅಲ್ಲೇ ಏನೋ ಎಡವಟ್ಟಾಗಿದೆ.' ಒಂಬತ್ತು ವರ್ಷ ನಾನು ಸುತ್ತಿದ ಒಂದು ಕಾಯಿಲೂ ಅದುವರೆಗೆ ವಾಪಸು ಬಂದಿರಲಿಲ್ಲ.

ಆ ಸಂಜೆ ಚೀಲ ಹಿಡಿದು ಬಾಗಿಲಲ್ಲಿ ನಿಂತು ನಿನ್ನನ್ನು ಒಂದು ಮಾತು ಕೇಳಿದೆ. ನೀನು ವೈಸಿಗೆ ಬಿಗಿದ ಕಬ್ಬಿಣದ ಮೇಲೆ ಬಗ್ಗಿ ಅರ ಉಜ್ಜುತ್ತಿದ್ದೆ. ತಿರುಗಲಿಲ್ಲ. ಇನ್ನೊಮ್ಮೆ ಕೇಳಿದೆ. ಉಜ್ಜುತ್ತಲೇ ಇದ್ದೆ. ಉತ್ತರ ಅದೇ ಎಂದುಕೊಂಡು ಹೊರಟೆ.

ಮಾರ್ಚಿನಲ್ಲಿ ಅಂಗೈಯಗಲದ ಮೋಟರ್ ಕೇಳಿಸುವವನಿಗೆ ಆ ಡಿಸೆಂಬರಿನಲ್ಲಿ ನಾನು ಕೇಳಿಸಲಿಲ್ಲವೇ?

ಬ್ರಷ್ ಚೆನ್ನಾಗಿದೆ. ದೂರು ಕೊಡುವುದಿಲ್ಲ. ಹೊಸ ಷೋರೂಮಿಗೆ ಒಪ್ಪಿಗೆ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ನಿನ್ನ ತಂಗಿ


ಏಪ್ರಿಲ್ 18

ಸೂಜಿ,

ಇದು ನಿನ್ನ ಅತ್ತಿಗೆಯ ಅಕ್ಷರ. ಬರೆದದ್ದು ನಿಮ್ಮಣ್ಣನಿಗೆ ಗೊತ್ತಿಲ್ಲ.

ನಿನ್ನ ಪತ್ರ ಬಂದು ಎರಡು ವಾರವಾಯಿತು. ಓದಿ ಸ್ಪ್ಯಾನರ್ ಪೆಟ್ಟಿಗೆಯ ಅಡಿಯಲ್ಲಿ ಇಟ್ಟರು. ದಿನಕ್ಕೆ ನಾಲ್ಕು ಸಲ ಪೆಟ್ಟಿಗೆ ಎತ್ತುತ್ತಾರೆ, ಸ್ಪ್ಯಾನರ್ ತೆಗೆಯುವುದಿಲ್ಲ. ನಾನೂ ಎತ್ತಿ ಓದಿದೆ.

ಅವರಿಗೆ ಕಿವಿ ಕೇಳುವುದಿಲ್ಲ ಸೂಜಿ. ಎರಡೂ. ಮೂರು ವರ್ಷದಿಂದ ಕಡಿಮೆಯಾಗುತ್ತ ಬಂದು ಈಗ ಬಾಗಿಲು ಬಡಿದರೂ ತಿಳಿಯದು. ಮೋಟರ್ ಓಡುತ್ತಿದೆಯೋ ಇಲ್ಲವೋ ಅಂಗೈ ಇಟ್ಟು ನೋಡುತ್ತಾರೆ. ಗಿರಾಕಿಗಳ ತುಟಿ ನೋಡಿ ಹೂಂ ಎನ್ನುತ್ತಾರೆ. ಫೋನಿನಲ್ಲಿ ತುಟಿ ಇರುವುದಿಲ್ಲವಲ್ಲ. ಕಿವಿ ಹೋದ ಮೆಕ್ಯಾನಿಕ್ ಎಂದು ಗೊತ್ತಾದರೆ ಯಾರು ಮೋಟರ್ ಕೊಡುತ್ತಾರೆ, ಬಾಯಿ ಬಿಡಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಇವತ್ತು ಮುರಿದೆ.

ಮತ್ತೆ ಆ ಬ್ರಷ್ ಹೇಗೆ ಕೇಳಿಸುತ್ತದೆ ಅಂತೀಯ? ನನಗೂ ಅರ್ಥವಾಗಿಲ್ಲ. ಆದರೆ ಕೇಳಿಸುವುದು ನಿಜ. ಬಚ್ಚಲ ಕನ್ನಡಿಯ ಮುಂದೆ ಕಣ್ಣು ಮುಚ್ಚಿಕೊಂಡು ನಿಂತಿರುತ್ತಾರೆ. ಎರಡು ನಿಮಿಷ ಮುಗಿದ ಮೇಲೆ ಮತ್ತೆ ಗುಂಡಿ ಒತ್ತುತ್ತಾರೆ.

ಅತ್ತಿಗೆ


ಏಪ್ರಿಲ್ 25

ಅಣ್ಣನಿಗೆ,

ಬೇರಿಂಗಿನ ಬಗ್ಗೆ ನೀನು ಹೇಳಿದ್ದನ್ನು ಪರೀಕ್ಷಿಸಬೇಕು. ಕೆಳಗಿನ ನಾಲ್ಕು ಕಡೆ ಬ್ರಷ್ ಚಾಲೂ ಮಾಡಿ, ಕೇಳಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆ.

ಕಿವಿಯ ಮುಂದೆ ಗಾಳಿಯಲ್ಲಿ, ಮೈಗೆ ತಾಗಿಸದೆ. ಕಿವಿಯ ಹಿಂದಿನ ಮೂಳೆಗೆ ಹಿಡಿ ತಾಗಿಸಿ. ಹಣೆಗೆ ತಾಗಿಸಿ. ಮುಂದಿನ ಹಲ್ಲಿಗೆ ತಾಗಿಸಿ.

ಹೋಲಿಕೆಗೆ ಅತ್ತಿಗೆಯನ್ನು ಪಕ್ಕದಲ್ಲಿ ನಿಲ್ಲಿಸಿಕೋ. ಮೋಟರ್ ಪರೀಕ್ಷೆಯಲ್ಲಿ ಸುಳ್ಳು ಬರೆಯಬಾರದೆಂದು ನನಗೆ ಕಲಿಸಿದವನು ನೀನು.

ನಿನ್ನ ತಂಗಿ


ಮೇ 3

ಸೂಜಿಗೆ,

ಪರೀಕ್ಷೆಯ ವರದಿ. ಮೂರು ಸಲ ಮಾಡಿದೆ, ಮೂರು ಸಲವೂ ಒಂದೇ ಫಲಿತಾಂಶ.

ಗಾಳಿಯಲ್ಲಿ: ಬಲಗಿವಿಗೆ ಇಲ್ಲ. ಎಡಗಿವಿಗೆ ಇಲ್ಲ. ಅದೇ ದೂರದಲ್ಲಿ, ಅದರ ಮೂರರಷ್ಟು ದೂರದಲ್ಲಿಯೂ ನಿನ್ನ ಅತ್ತಿಗೆಗೆ ಕೇಳಿಸಿತು.
ಕಿವಿಯ ಹಿಂದಿನ ಮೂಳೆ: ಚೆನ್ನಾಗಿ ಕೇಳಿಸಿತು.
ಹಣೆ: ಕೇಳಿಸಿತು.
ಹಲ್ಲು: ಜೋರು.

ಮೊದಲ ಸಾಲು ಬರೆಯಲು ಒಂದು ದಿನ ಹಿಡಿಯಿತು. ಬರೆದಾಯಿತು. ಅದರ ಅರ್ಥ ನಿನಗೆ ಆಗಲೇ ಗೊತ್ತಿರಬೇಕು, ಇಲ್ಲದಿದ್ದರೆ ಈ ಪರೀಕ್ಷೆ ಬರೆದು ಕಳಿಸುತ್ತಿರಲಿಲ್ಲ. ನಿನ್ನ ಅತ್ತಿಗೆ ನನ್ನ ಮುಖ ನೋಡದೆ ಗೋಡೆ ನೋಡುತ್ತಿದ್ದಳು.

ಗಿರಣಿಯ ಬೇರಿಂಗ್ ನನಗೆ ಕೇಳಿಸಲಿಲ್ಲ. ನೀನು ಮೂರು ಸಲ ಹೇಳಿದ್ದು ಕೇಳಿಸಲಿಲ್ಲ. ಸುಟ್ಟು ವಾಪಸು ಬಂದಾಗ, ಬಿಚ್ಚಿದ ಕೂಡಲೇ ಬೇರಿಂಗೇ ಹಿಡಿದಿತ್ತೆಂದು ಕಣ್ಣಿಗೆ ಕಂಡಿತು. ಕಂಡೂ ಹಾಗೆ ಹೇಳಿದೆ. ಕೇಳಿಸದೆ ಇದ್ದದ್ದಕ್ಕೆ ಕಿವಿ ಕಾರಣ. ಹಾಗೆ ಹೇಳಿದ್ದಕ್ಕೆ ನಾನು ಕಾರಣ.

ಬಾಗಿಲಲ್ಲಿ ನೀನು ನಿಂತದ್ದು ನನಗೆ ಗೊತ್ತೇ ಇಲ್ಲ. ಅರ ಇಟ್ಟು ತಿರುಗಿದಾಗ ನಿನ್ನ ಮೇಜು ಖಾಲಿ. ಒಂದು ಮಾತೂ ಆಡದೆ ಹೋದಳಲ್ಲ ಎಂದು ಹದಿನಾಲ್ಕು ತಿಂಗಳು ನಾನು ಕೋಪ ಮಾಡಿಕೊಂಡಿದ್ದೆ.

ಏನು ಕೇಳಿದೆ ಆವತ್ತು?

ಅಣ್ಣ


ಮೇ 9

ಅಣ್ಣನಿಗೆ,

ಏಪ್ರಿಲ್ ಒಂದರಂದು ಬರೆದ ಪತ್ರವನ್ನು ವಾಪಸು ಪಡೆಯುವ ಹಾಗಿದ್ದರೆ ಪಡೆಯುತ್ತಿದ್ದೆ.

ಕಾರ್ಖಾನೆಯ ಪಂಪು ಕೆಟ್ಟಾಗ ನೀನು ಮಾಡುತ್ತಿದ್ದದ್ದು ನೆನಪಿದೆಯೇ? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಿದ್ದೆ. 'ಹೊರಗಿನ ಗಲಾಟೆ ಬೇಡ, ಒಳಗಿಂದ ಕೇಳು' ಎನ್ನುತ್ತಿದ್ದೆ. ಬ್ರಷ್ ಮಾಡಿದ್ದೂ ಅದನ್ನೇ.

ನಾನು ಇದುವರೆಗೆ ಆ ಬ್ರಷ್ ಬಳಸಿರಲಿಲ್ಲ. ಮಾರುತ್ತಿದ್ದೆ ಅಷ್ಟೇ. ಹೋದ ವಾರ ಒಂದನ್ನು ತಂದು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಹಲ್ಲುಜ್ಜಿದೆ. ಸದ್ದು ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ನಿನ್ನ ತಲೆಯೊಳಗೆ ಹೇಗಿರುತ್ತದೆಂದು ಎರಡು ನಿಮಿಷ ತಿಳಿಯಿತು. ಆಮೇಲೆ ರೂಮಿನಲ್ಲಿ ನಿಲ್ಲಲಾಗದೆ ಬೀದಿ ಸುತ್ತಿದೆ.

ವೈಂಡಿಂಗ್ ಸುಟ್ಟಿದ್ದರೆ ಎಲ್ಲಿಂದ ಕರೆಂಟ್ ಕೊಟ್ಟರೂ ಮೋಟರ್ ತಿರುಗುವುದಿಲ್ಲ. ನಿನ್ನದು ತಿರುಗುತ್ತಿದೆ. ವೈಂಡಿಂಗ್ ಚೆನ್ನಾಗಿದೆ, ಹೊರಗಿನ ಜೋಡಣೆ ಮಾತ್ರ ಕೆಟ್ಟಿದೆ ಎಂದು ನನ್ನ ಅಂದಾಜು. ನಾನು ಡಾಕ್ಟರಲ್ಲ. ಈ ವಾರವೇ ಕಿವಿಯ ಡಾಕ್ಟರಿಗೆ ನಿನ್ನ ವರದಿ ತೋರಿಸು.

ಬಾಗಿಲಲ್ಲಿ ಕೇಳಿದ್ದನ್ನು ಬರೆಯುವುದಿಲ್ಲ. ಬಾಯಲ್ಲಿ ಕೇಳಿದ್ದು, ಬಾಯಲ್ಲೇ ಕೇಳುತ್ತೇನೆ. ಹದಿನೆಂಟನೇ ತಾರೀಖು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ದನಿ ಪೂರ್ತಿ ಏರಿಸಿ, ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ತುದಿಯನ್ನು ಫೋನಿಗೆ ತಾಗಿಸು. ಕೇಳಿಸಿದರೆ ಫೋನನ್ನು ಎರಡು ಸಲ ತಟ್ಟು.

ಒಪ್ಪಿಗೆ ಪತ್ರ ಇನ್ನೂ ಖಾನೆಯಲ್ಲೇ ಇದೆ.

ನಿನ್ನ ತಂಗಿ


ಮೇ 19

ಸೂಜಿಗೆ,

ಮೊದಲು ಡಾಕ್ಟರ ವಿಷಯ. ಅವರು ಚಿಮಟದ ಹಾಗಿನ ಒಂದು ಉಕ್ಕಿನ ಕವೆಯನ್ನು ಮೊಣಕೈಗೆ ಬಡಿದು, ಗಾಳಿಯಲ್ಲಿ ಒಮ್ಮೆ, ಮೂಳೆಗೆ ಒಮ್ಮೆ ಹಿಡಿದರು. ನಿನ್ನ ಪರೀಕ್ಷೆಯೇ, ಬ್ರಷ್ ಇಲ್ಲ ಅಷ್ಟೇ. ಒಳಗಿನ ನರ ಚೆನ್ನಾಗಿದೆಯಂತೆ. ಕಿವಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಮೂಳೆಯೊಂದು ಅಲುಗಾಡದೆ ಬಿಗಿದುಕೊಂಡಿದೆ. ಆಪರೇಷನ್ ಮಾಡಬಹುದು, ಯಂತ್ರವನ್ನೂ ಹಾಕಿಕೊಳ್ಳಬಹುದು. ಜುಲೈಯಲ್ಲಿ ಒಂದು ಕಿವಿಗೆ ಆಪರೇಷನ್ ಎಂದು ಗೊತ್ತು ಮಾಡಿದ್ದಾರೆ. ಇನ್ನೊಂದು ಮಾತು ಬರೆದುಕೊಟ್ಟರು: ಇಂಥವರಿಗೆ ಹೊರಗಿನವರ ದನಿ ಕೇಳಿಸುವುದಿಲ್ಲ, ತಮ್ಮ ದನಿ ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಆ ಚೀಟಿಯನ್ನು ನಿನ್ನ ಅತ್ತಿಗೆ ಬೀರುವಿನಲ್ಲಿ ಸತ್ತ ಬ್ರಷ್ಷಿನ ಪಕ್ಕ ಇಟ್ಟಿದ್ದಾಳೆ.

ಅಲ್ಲಿಂದ ನೇರ ಗಿರಣಿಗೆ ಹೋದೆ. ಗಿರಣಿಯವರು ಹಿಟ್ಟು ತುಂಬುತ್ತಿದ್ದರು. ಸುಟ್ಟದ್ದು ಬೇರಿಂಗಿನಿಂದ, ನನ್ನ ತಂಗಿಯ ವೈಂಡಿಂಗಿನಿಂದಲ್ಲ, ನನಗೆ ಕಿವಿ ಕೇಳುವುದಿಲ್ಲ, ಕೇಳುತ್ತದೆಂದು ನಟಿಸಿದ್ದೆ ಎಂದು ನಾಲ್ಕು ಜನರ ಮುಂದೆ ಹೇಳಿದೆ. ಅವರು ಹಿಟ್ಟಿನ ಕೈಯಲ್ಲೇ ಗೋಡೆಯ ಮೇಲೆ ಬರೆದರು: 'ಗೊತ್ತಿತ್ತು ಕಣಯ್ಯ. ನಿನ್ನ ತಂಗಿ ಎಲ್ಲಿ?'

ಈಗ ಭಾನುವಾರದ ವಿಷಯ. ಒಂಬತ್ತಕ್ಕೇ ಫೋನನ್ನು ವೈಸಿಗೆ ಕೊಟ್ಟು, ಒಡೆಯದಷ್ಟು ಬಿಗಿದು ಕೂತೆ. ಕೂರಲಾಗಲಿಲ್ಲ, ಎದ್ದೆ, ಮತ್ತೆ ಕೂತೆ. ಫೋನಿನ ದೀಪ ಹತ್ತಿತು. ನಿನ್ನ ಅತ್ತಿಗೆ ಗುಂಡಿ ಒತ್ತಿದಳು. ಎಡಗಡೆಯ ಹಲ್ಲುಗಳಿಗೆ ಪೆಟ್ಟಾಗದಂತೆ ಬಲಗಡೆ ಕಚ್ಚಿದೆ. ಮೊದಲು ಬರೀ ಗೊರಗೊರ. ತುದಿಯನ್ನು ಒಂದು ಬೆರಳಿನಷ್ಟು ಕೆಳಗೆ ಸರಿಸಿದೆ. ಆಗ ನೀನು ಸಿಕ್ಕಿದೆ.

ದನಿ ತೆಳ್ಳಗಿತ್ತು, ಆ ಕಾಯಿಲಿನ ತಂತಿಯಷ್ಟು. ಆದರೆ ನಿನ್ನದೇ. 'ಅಣ್ಣಾ, ಕೇಳಿಸ್ತಿದೆಯಾ?' ಎಂದೆ. ಎರಡು ಸಲ ತಟ್ಟಿದೆ. ಆಮೇಲೆ ನೀನು ಆವತ್ತಿನ ಮಾತು ಕೇಳಿದೆ: 'ನಾನು ಹೋಗಲಾ, ಇರಲಾ?'

ಇದಕ್ಕೆ ತಟ್ಟಿ ಉತ್ತರ ಹೇಳುವುದು ಹೇಗೆ? ಸ್ಕ್ರೂಡ್ರೈವರ್ ಕಚ್ಚಿದ್ದರೆ ಕೇಳಿಸುತ್ತದೆ, ಮಾತಾಡಲಾಗದು. ತೆಗೆದರೆ ಮಾತಾಡಬಹುದು, ಕೇಳಿಸದು. ತೆಗೆದೆ. ಹೇಳಿದೆ. ಮತ್ತೆ ಕಚ್ಚುವಷ್ಟರಲ್ಲಿ ದೀಪ ಆರಿತ್ತು. 'ಅವಳಿಗೆ ಕೇಳಿಸಿತೇ?' ಎಂದು ನಿನ್ನ ಅತ್ತಿಗೆಯನ್ನು ಕೇಳಿದರೆ ತನಗೂ ಗೊತ್ತಾಗಲಿಲ್ಲ ಎಂದು ಕೈಯಾಡಿಸಿದಳು.

ನಿನ್ನೆಯಿಂದ ಒಂದು ಮೋಟರನ್ನೂ ಮುಟ್ಟಿಲ್ಲ. ಬಾಗಿಲಿಗೂ ಬೆಂಚಿಗೂ ನಡೆಯುತ್ತಿದ್ದೇನೆ. ಅದಕ್ಕೆ ಹೇಳಿದ್ದನ್ನು ಬರೆಯುತ್ತಿದ್ದೇನೆ, ಇದನ್ನಾದರೂ ನೀನು ಓದಬಹುದು: 'ಹೋಗ್ಬೇಡ ಅನ್ನೋ ಮುಖ ನನಗಿಲ್ಲ. ಇರು ಅಂತ ಕೇಳ್ಕೋತೀನಿ.'

ಅಣ್ಣ


ಮೇ 25

ಅಣ್ಣನಿಗೆ,

ಕೇಳಿಸಿತ್ತು. ಕಟ್ ಮಾಡಿದ್ದು ನಾನಲ್ಲ, ನೀನು ಸ್ಕ್ರೂಡ್ರೈವರನ್ನು ಕೆಂಪು ಗುಂಡಿಯ ಮೇಲೆ ಊರಿರಬೇಕು. ತಿರುಗಿ ಫೋನ್ ಮಾಡಲಿಲ್ಲ. ಷೋರೂಮಿನಿಂದ ಮಾತಾಡುತ್ತಿದ್ದೆ, ಮತ್ತೆ ಮಾಡಿದ್ದರೆ ಅಳು ಬಂದು ಕೌಂಟರಿನವರೆಲ್ಲ ನನ್ನ ಮುಖ ನೋಡುವಂತಾಗುತ್ತಿತ್ತು.

ಖಾನೆಯ ಪತ್ರವನ್ನು ಹರಿದೆ. ಕೆಲಸ ಬಿಡುತ್ತೇನೆಂದು ಬೇರೆಯದನ್ನು ಬರೆದುಕೊಟ್ಟೆ. ಜೂನ್ ಹದಿನಾಲ್ಕಕ್ಕೆ ಬಿಡುಗಡೆ.

ನನ್ನ ಮೇಜು ಕಿಟಕಿಯ ಹತ್ತಿರಕ್ಕೆ ಬರಬೇಕು. ಮೋಟರ್ ಹೊರಗೆ ಹೋಗುವ ಮೊದಲು ಬೇರಿಂಗ್ ಕೇಳುವುದು ನಾನು, ನಿನ್ನ ಕಿವಿ ಸರಿಹೋದ ಮೇಲೂ. ಒಪ್ಪಿಗೆಯಿದ್ದರೆ ಉತ್ತರ ಬೇಡ.

ನಿನ್ನ ಬ್ರಷ್ಷಿನ ತಲೆ ಬದಲಿಸುವ ಸಮಯ ಜೂನ್ ಹದಿನೈದು. ಹೊಸದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಬಾಗಿಲಲ್ಲಿ ನಿಂತು ಕರೆಯುವುದಿಲ್ಲ. ಒಳಗೆ ಬಂದು ಬೆನ್ನು ತಟ್ಟುತ್ತೇನೆ. ಆವತ್ತೂ ಹಾಗೇ ಮಾಡಬೇಕಿತ್ತು.

ಸೂಜಿ